ಸ್ಲೋನಲ್ಲಿ ನಿಲ್ಲದ ಗಾಡಿ: ಕಾರ್ಬ್ಯುರೇಟರ್ ಕಾಲದ ಒಂದು ವಿದ್ಯೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಬಾಡಿಗೆ ಕಾರುಗಳೆಂದರೆ ಅಂಬಾಸಿಡರ್ ಇಲ್ಲವೇ ಫಿಯೆಟ್ ಎಂದಿದ್ದ ಕಾಲದಲ್ಲಿ ಚಾಲಕರು ಪದೇ ಪದೇ ಹೇಳುತ್ತಿದ್ದ ದೂರೊಂದಿತ್ತು: ‘ಗಾಡಿ ಸ್ಲೋನಲ್ಲಿ ನಿಲ್ತಿಲ್ಲ.’ ರಸ್ತೆಯಲ್ಲಿ ಚೆನ್ನಾಗಿಯೇ ಓಡಿ ಬಂದ ಕಾರು, ಕಾಲನ್ನು ಪೆಡಲಿನಿಂದ ತೆಗೆದೊಡನೆ ಗಡಗಡ ನಡುಗುತ್ತದೆ, ಒಂದೆರಡು ಬಾರಿ ಮಿಸ್ಸಿಂಗ್ ಹೊಡೆಯುತ್ತದೆ, ಕೊನೆಗೆ ಆಫ್ ಆಗುತ್ತದೆ. ಈ ಒಂದು ಲಕ್ಷಣವನ್ನು ಹಿಡಿದು ಮೂಲಕಾರಣವನ್ನು ಪತ್ತೆಹಚ್ಚುವ ವಿದ್ಯೆಯೊಂದು ನಮ್ಮ ತಾಲ್ಲೂಕು ಕೇಂದ್ರಗಳ ಗ್ಯಾರೇಜುಗಳಲ್ಲಿ ಬೆಳೆದಿತ್ತು. ಅದು ಪುಸ್ತಕದಿಂದ ಬಂದುದಲ್ಲ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದದ್ದು. ಆ ವಿದ್ಯೆಯ ಚರಿತ್ರೆಯನ್ನು ಸಂಕ್ಷಿಪ್ತವಾಗಿ ದಾಖಲಿಸುವುದು ಈ ಲೇಖನದ ಉದ್ದೇಶ.

ಪೆಟ್ರೋಲು ದ್ರವರೂಪದಲ್ಲಿ ಎಂಜಿನ್ನಿನೊಳಗೆ ಸರಿಯಾಗಿ ಉರಿಯಲಾರದು. ಅದು ತುಂತುರಾಗಿ ಗಾಳಿಯೊಡನೆ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಕಾರ್ಲ್ ಬೆಂಜ್ 1885ರಲ್ಲಿ ನಿರ್ಮಿಸಿದ ವಾಹನದಲ್ಲಿ ಇಂಧನದ ಮೇಲ್ಮೈಯಿಂದ ಏಳುವ ಆವಿಯನ್ನೇ ಬಳಸಲಾಗಿತ್ತು. ಇಂಧನವನ್ನು ಸಣ್ಣ ರಂಧ್ರದಿಂದ ಚಿಮ್ಮಿಸುವ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್, ಹಂಗೇರಿಯ ಬಾಂಕಿ ಮತ್ತು ಚೋಂಕಾ 1893ರ ಸುಮಾರಿಗೆ ರೂಪಿಸಿದರು. ಇದರ ಹಿಂದಿರುವ ತತ್ತ್ವ ಸರಳವಾದುದು. ಎರಡು ಕಾಗದದ ಹಾಳೆಗಳನ್ನು ಸಮೀಪದಲ್ಲಿ ಹಿಡಿದು ನಡುವೆ ಊದಿದರೆ ಅವು ದೂರ ಸರಿಯದೆ ಒಂದಕ್ಕೊಂದು ಹತ್ತಿರ ಬರುತ್ತವೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗಲೆಲ್ಲ ಮಕ್ಕಳು ಬೆರಗಾಗುತ್ತಿದ್ದರು. ವೇಗವಾಗಿ ಹರಿಯುವ ಗಾಳಿಯ ಒತ್ತಡ ಕುಗ್ಗುತ್ತದೆ. ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ ಹೀಗೆ ಒತ್ತಡ ಕುಗ್ಗಿದಾಗ ಜೆಟ್ ಎಂಬ ಹಿತ್ತಾಳೆಯ ರಂಧ್ರದಿಂದ ಪೆಟ್ರೋಲು ತಾನಾಗಿ ಮೇಲೇರುತ್ತದೆ.

ಸ್ವಾತಂತ್ರ್ಯಾನಂತರದ ಪರವಾನಗಿ ಯುಗದಲ್ಲಿ ನಮ್ಮ ರಸ್ತೆಗಳಲ್ಲಿ ಇದ್ದದ್ದು ಬೆರಳೆಣಿಕೆಯ ಮಾದರಿಗಳು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬಯಿಯ ಫಿಯೆಟ್ 1100 ಮತ್ತು ಅದೇ ಮುಂದೆ ಹೆಸರು ಬದಲಿಸಿಕೊಂಡ ಪ್ರೀಮಿಯರ್ ಪದ್ಮಿನಿ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಜೊತೆಗೆ ಸಕಲೇಶಪುರದ ಕಡೆಯ ಕಾಫಿ ತೋಟಗಳ ಜೀಪುಗಳು. ಮಾದರಿಗಳು ಕಡಿಮೆ ಇದ್ದುದು ಕೊಳ್ಳುವವರಿಗೆ ಬೇಸರದ ಸಂಗತಿಯಾದರೂ ಮೇಸ್ತ್ರಿಗಳಿಗೆ ವರವಾಯಿತು. ವರ್ಷಗಟ್ಟಲೆ ಅದೇ ಎಂಜಿನ್ನನ್ನು ಬಿಚ್ಚಿ ಕಟ್ಟಿದವರಿಗೆ ಅದರ ಸದ್ದೇ ಭಾಷೆಯಾಯಿತು.

ವಾಹನ ನಿಂತಿದ್ದಾಗಲೇ ದೋಷ ಕಾಣುವುದೇಕೆ? ಪದ್ಮಿನಿಯಲ್ಲಿದ್ದ ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಕಾಲು ತೆಗೆದಾಗ ಗಾಳಿಯ ಬಾಗಿಲು ಬಹುತೇಕ ಮುಚ್ಚಿಕೊಳ್ಳುತ್ತದೆ. ಆಗ ದೊಡ್ಡ ಜೆಟ್ ಕೆಲಸ ಮಾಡುವುದಿಲ್ಲ. ಕೂದಲೆಳೆಯಷ್ಟು ಸಣ್ಣದಾದ ಸ್ಲೋ ಜೆಟ್ಟಿನ ಮೂಲಕವೇ ಎಂಜಿನ್ ಉಸಿರು ಹಿಡಿದುಕೊಳ್ಳಬೇಕು. ಅಲ್ಲಿ ಧೂಳಿನ ಒಂದು ಕಣ ಸಿಕ್ಕಿಕೊಂಡರೂ ಸಾಕು. ಹಲವು ಅಂಬಾಸಿಡರ್‌ಗಳಲ್ಲಿದ್ದ ಎಸ್‌ಯು ಕಾರ್ಬ್ಯುರೇಟರಿನ ರಚನೆಯೇ ಬೇರೆ. ಅದರಲ್ಲಿ ಪ್ರತ್ಯೇಕ ಸ್ಲೋ ಜೆಟ್ ಇಲ್ಲ. ಒಂದೇ ಜೆಟ್, ಅದರೊಳಗೆ ಏರಿಳಿಯುವ ಮೊನಚಾದ ಸೂಜಿ, ಸೂಜಿಯನ್ನು ಹೊತ್ತ ಪಿಸ್ಟನ್. ಆದ್ದರಿಂದ ಒಂದೇ ದೂರಿಗೆ ಎರಡು ಕಾರುಗಳಲ್ಲಿ ಎರಡು ಬಗೆಯ ಪರೀಕ್ಷೆ.

ನುರಿತ ಮೇಸ್ತ್ರಿ ಮೊದಲು ಕಾರ್ಬ್ಯುರೇಟರಿಗೆ ಕೈ ಹಾಕುತ್ತಿರಲಿಲ್ಲ ಎಂಬುದು ಗಮನಾರ್ಹ. ಎಂಜಿನ್ ಬಿಸಿಯಾಗಿದೆಯೇ, ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯೇ ಎಂದು ನೋಡುತ್ತಿದ್ದ. ಅನಂತರ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ವೈರು ತೆಗೆದಾಗ ಎಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತೆಂದು ಅರ್ಥ. ಸದ್ದಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆ. ಬಿಚ್ಚಿದ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣದ್ದಾಗಿದ್ದರೆ ಸರಿ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು, ಎಣ್ಣೆ ಅಂಟಿದ್ದರೆ ರಿಂಗು ಅಥವಾ ವಾಲ್ವಿನ ಕಡೆ ಸವೆತ. ಬಳಿಕ ಡಿಸ್ಟ್ರಿಬ್ಯೂಟರಿನ ಪಾಯಿಂಟ್. ಅದರ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಕಾರ್ಬ್ಯುರೇಟರಿನದೆಂದು ಬಂದ ದೂರು ಎಷ್ಟೋ ಸಲ ಇಲ್ಲಿಯೇ ಬಗೆಹರಿಯುತ್ತಿತ್ತು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿದರೂ ಗಾಡಿ ಸರಿಹೋಗುವುದಿತ್ತು.

ಅಲ್ಲಿಯೂ ದೋಷ ಸಿಗದಿದ್ದರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಏರ್ ಲೀಕ್ ಇದೆಯೇ ಎಂದು ಹುಡುಕಬೇಕು. ಜೋಡಣೆಯ ಸುತ್ತ ಸೋಪಿನ ನೀರು ಹನಿಸಿದಾಗ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಎರಚುತ್ತಿದ್ದರು. ಅದು ಬೆಂಕಿಯೊಡನೆ ಸರಸ. ಕಾರ್ಬ್ಯುರೇಟರಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಜೆಟ್ಟನ್ನು ಗಾಳಿ ಹೊಡೆದು ಶುಚಿಗೊಳಿಸಬೇಕೇ ಹೊರತು ತಂತಿ ತೂರಿಸಬಾರದು, ಮೆದು ಹಿತ್ತಾಳೆಯ ರಂಧ್ರ ಹಿಗ್ಗುತ್ತದೆ. ಎಸ್‌ಯುವಿನಲ್ಲಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ಕಿವಿಗೊಡುವುದು ಪರೀಕ್ಷೆ: ವೇಗ ಏರಿ ಹಾಗೆಯೇ ಉಳಿದರೆ ಪೆಟ್ರೋಲು ಹೆಚ್ಚು, ಎಂಜಿನ್ ನಿಂತುಹೋದರೆ ಕಡಿಮೆ, ಕ್ಷಣಕಾಲ ಏರಿ ಮೊದಲಿನ ಸ್ಥಿತಿಗೆ ಮರಳಿದರೆ ಸರಿ.

ನಮ್ಮ ಜಿಲ್ಲೆಯ ಭೂಗೋಳವೂ ಈ ವಿದ್ಯೆಯ ಒಂದು ಪಾಠವಾಗಿತ್ತು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹತ್ತಿರ ಹತ್ತಿರ ಶೇಕಡಾ 9ರಷ್ಟು ತೆಳು. ಜೆಟ್ಟಿಗೆ ಇದು ತಿಳಿಯದು. ಮಂಗಳೂರಿನಲ್ಲಿ ಸರಿಹೊಂದಿಸಿದ ಕಾರು ಶಿರಾಡಿ ಘಾಟಿ ಹತ್ತಿ ಬಂದಾಗ ಪೆಟ್ರೋಲು ಮಿತಿಮೀರಿ ಸ್ಲೋ ಕೆಡಬಹುದು. ಇಲ್ಲಿ ಸರಿಹೊಂದಿಸಿದ ಕಾರು ಧರ್ಮಸ್ಥಳದ ಕಡೆಗೆ ಇಳಿದಾಗ ಗಾಳಿ ಹೆಚ್ಚಾಗಿ ತಡವರಿಸಬಹುದು. ಅನುಭವಿ ಚಾಲಕರು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಹಿಂದಿರುಗಿದ ಮೇಲೆ ಅಷ್ಟೇ ಸುತ್ತು ಹಿಂದಕ್ಕೆ ತರುತ್ತಿದ್ದರು. ವಾಯುಭಾರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ನಾವು ಶಾಲೆಯಲ್ಲಿ ಕಲಿಸಿದೆವೆಂದು ಹೇಳಲಾರೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಲು ಕಾರ್ಬ್ಯುರೇಟರ್ ಕಾರೇ. ಆದರೆ 2000ದ ಆಸುಪಾಸಿನಲ್ಲಿ ಮಾಲಿನ್ಯ ನಿಯಮಗಳು ಬಿಗಿಯಾದಂತೆ ಕಂಪ್ಯೂಟರ್ ನಿಯಂತ್ರಿತ ಇಂಧನ ಚಿಮ್ಮುಕಗಳು ಬಂದವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಬಳಿಕ ದ್ವಿಚಕ್ರ ವಾಹನಗಳಿಂದಲೂ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಯಿತು. ಗಾಳಿ ಶುದ್ಧವಾಗಲು ಇದು ಅಗತ್ಯವಾಗಿತ್ತು, ಅದಕ್ಕಾಗಿ ಮರುಗಬೇಕಿಲ್ಲ. ಆದರೆ ಕಿವಿಯ ಕೆಲಸವನ್ನು ಯಂತ್ರವೇ ವಹಿಸಿಕೊಂಡಾಗ ಆ ಕಿವಿಯನ್ನು ತರಬೇತುಗೊಳಿಸುವವರೂ ಇಲ್ಲವಾದರು.

ವಿಚಿತ್ರವೆಂದರೆ ಈ ವಿದ್ಯೆಯ ಅಗತ್ಯ ಈಗ ಮತ್ತೆ ತಲೆದೋರಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿ 14.7ರ ಬದಲು ಸುಮಾರು 13.5 ಪಾಲು. ಹೊಸ ಕಾರು ಇದನ್ನು ತಾನೇ ಅರಿತು ಸರಿದೂಗಿಸಿಕೊಳ್ಳುತ್ತದೆ. ಹಳೆಯ ಜೆಟ್ಟಿಗೆ ಆ ಶಕ್ತಿಯಿಲ್ಲ. ಅದರ ಕೊರತೆ ಮೊದಲು ಸ್ಲೋನಲ್ಲಿಯೇ ತೋರಬಹುದು. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನೂ ಕೆಡಿಸುತ್ತದೆ, ತೇವವನ್ನೂ ಹೀರುತ್ತದೆ. ಮನೆಯಲ್ಲಿ ಅಪ್ಪನ ಅಂಬಾಸಿಡರನ್ನೋ ಪದ್ಮಿನಿಯನ್ನೋ ಪ್ರೀತಿಯಿಂದ ಉಳಿಸಿಕೊಂಡವರು ಇದನ್ನು ತಿಳಿದಿರಬೇಕು.

ಖರ್ಚಿಲ್ಲದ ಪರೀಕ್ಷೆ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ, ತಿರುಗಿಸಿದ ಸುತ್ತಿನ ಲೆಕ್ಕ ನೆನಪಿನಲ್ಲಿರಬೇಕು, ಫಲ ಕಾಣದಿದ್ದರೆ ಮೊದಲಿದ್ದಲ್ಲಿಗೆ ತರಬೇಕು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಬೋಧಿಸಿದ ಕ್ರಮವೂ ಇದೇ. ಎಣ್ಣೆ ಮೆತ್ತಿದ ಕೈಗಳಲ್ಲಿ ಅದು ಬಾಳಿ ಬೆಳಗಿತ್ತು. ಆ ತಲೆಮಾರಿನ ಮೇಸ್ತ್ರಿಗಳಲ್ಲಿ ಅನೇಕರು ಈಗ ಇಳಿವಯಸ್ಸಿನಲ್ಲಿದ್ದಾರೆ. ಓದುಗರಲ್ಲಿ ಯಾರಿಗಾದರೂ ಅಂತಹವರ ಪರಿಚಯವಿದ್ದರೆ ಅವರ ಬಳಿ ಕುಳಿತು, ಅವರ ಮಾತುಗಳಲ್ಲಿಯೇ, ಇದನ್ನು ಬರೆದಿಡಬೇಕೆಂದು ವಿನಂತಿ.