ಎರಡನೆಯ ಕಾಲಂ: ಭಾರತದ ಕುಡಿಯುವ ನೀರಿನ ಮಾನಕದ ಚರಿತ್ರೆ

ಭಾರತದಲ್ಲಿ ಕುಡಿಯುವ ನೀರು ಹೇಗಿರಬೇಕೆಂಬುದನ್ನು ಗೊತ್ತುಪಡಿಸುವ ಐಎಸ್ 10500 ಎಂಬ ಮಾನಕವು 1983ರಲ್ಲಿ ಮೊದಲ ಬಾರಿಗೆ ಪ್ರಕಟವಾಗಿ, 1991ರಲ್ಲಿ ಮತ್ತು 2012ರಲ್ಲಿ ಪರಿಷ್ಕೃತಗೊಂಡಿದೆ. ಈಗಿರುವ ಅದರ ಕೋಷ್ಟಕದಲ್ಲಿ ಒಂದೊಂದು ಅಂಶದ ಎದುರಿಗೂ ಎರಡು ಮಿತಿಗಳಿಗೆ ಜಾಗವಿದೆ: ಮೊದಲ ಕಾಲಂನಲ್ಲಿರುವುದು ನೀರು ಇಷ್ಟರೊಳಗೆ ಇರಬೇಕೆಂಬ ಮಿತಿ, ಎರಡನೆಯದರಲ್ಲಿರುವುದು ಬೇರೆ ಜಲಮೂಲವೇ ಇಲ್ಲದಿದ್ದಾಗ ಸಹಿಸಿಕೊಳ್ಳಬಹುದಾದ ಮಿತಿ. ಈ ಮಾನಕದ ಪರಿಷ್ಕರಣೆಯ ಚರಿತ್ರೆಯು ಬಹುಮಟ್ಟಿಗೆ ಆ ಎರಡನೆಯ ಕಾಲಂನ ಚರಿತ್ರೆಯೇ ಆಗಿದೆ.

ಅಂಕಿಗಳು ಬರುವುದಕ್ಕೆ ಮುಂಚೆ ನೀರಿನ ಪರೀಕ್ಷೆ ನಡೆಯುತ್ತಿದ್ದುದು ನಾಲಿಗೆಯಲ್ಲಿ ಮತ್ತು ಒಲೆಯ ಮೇಲೆ. ಬಯಲುಸೀಮೆಯ ಮನೆಗಳಲ್ಲಿ ಬೇಳೆ ಚೆನ್ನಾಗಿ ಬೇಯಿಸುವ ನೀರು ಸಿಹಿನೀರೆನಿಸಿಕೊಂಡರೆ, ಬೇಳೆಯನ್ನು ಬೇಯಗೊಡದೆ, ಸೋಪಿನ ನೊರೆಯನ್ನು ಏಳಗೊಡದೆ, ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟಿಸುವ ನೀರು ಗಡಸು ನೀರೆನಿಸಿಕೊಳ್ಳುತ್ತಿತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಗುರುತಿಸಲು ಸಾಲುತ್ತಿದ್ದ ಈ ಪರೀಕ್ಷೆಗೆ ರೋಗಾಣುಗಳಾಗಲಿ, ರುಚಿ, ಬಣ್ಣ, ವಾಸನೆ ಯಾವುದೂ ಇಲ್ಲದೆ ನೀರಿನಲ್ಲಿ ಕರಗಿರುವ ಫ್ಲೋರೈಡ್, ಆರ್ಸೆನಿಕ್‌ಗಳಾಗಲಿ ಸಿಗುತ್ತಿರಲಿಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಮತ್ತು ಕೀಲುಗಳು ಸೆಟೆದುಕೊಂಡ ರೋಗಿಗಳನ್ನು ಪರಿಶೀಲಿಸಿದ ವೈದ್ಯರು ಆ ಕಾಯಿಲೆಯ ಮೂಲ ಬಾವಿಯ ನೀರಿನಲ್ಲಿದ್ದ ಫ್ಲೋರೈಡ್ ಎಂದು 1937ರಲ್ಲಿ ವರದಿ ಮಾಡಿದರು. ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವ ಫ್ಲೋರೋಸಿಸ್ ಎಂಬ ಈ ರೋಗದ ಬಗ್ಗೆ ಭಾರತದಲ್ಲಿ ನಡೆದ ಅಧ್ಯಯನಗಳು ಅಲ್ಲಿಂದ ಮುಂದುವರಿದವು.

ವಿಶ್ವ ಆರೋಗ್ಯ ಸಂಸ್ಥೆಯು 1958ರಲ್ಲಿ ಕುಡಿಯುವ ನೀರಿನ ಅಂತರರಾಷ್ಟ್ರೀಯ ಮಾನಕಗಳನ್ನು ಹೊರತಂದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1962ರಲ್ಲಿ ತನ್ನದೇ ಕೈಪಿಡಿಯನ್ನು ಪ್ರಕಟಿಸಿತು. ಆ ಕಾಲದ ಮುಖ್ಯ ಚಿಂತೆ ಕಾಲರಾ, ವಿಷಮಶೀತ ಜ್ವರಗಳಂಥ ಸಾಂಕ್ರಾಮಿಕ ರೋಗಗಳದು. ತೆರೆದ ಬಾವಿ, ಕೆರೆಗಳ ನೀರಿನಿಂದ ಹರಡುವ ಇಂಥ ರೋಗಗಳನ್ನು ತಡೆಯಲು, ಮೆಟ್ಟಿಲು ಬಾವಿಗಳಿಂದ ಹರಡುತ್ತಿದ್ದ ನಾರುಹುಣ್ಣನ್ನು ತೊಲಗಿಸಲು, ಹಳ್ಳಿಹಳ್ಳಿಗೂ ಕೊಳವೆಬಾವಿ ಮತ್ತು ಕೈಪಂಪುಗಳು ಬಂದವು. ರೋಗಾಣುಗಳ ಮಟ್ಟಿಗೆ ಈ ಉಪಾಯ ಫಲಿಸಿತಾದರೂ, ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡಿದ್ದ ನೀರು ಮೇಲೆ ಬಂದಾಗ, ಪಾವಗಡ, ಮುಂಡರಗಿಯಂಥ ಒಣ ತಾಲ್ಲೂಕುಗಳಲ್ಲಿ ಒಂದು ಅಪಾಯದ ಜಾಗದಲ್ಲಿ ಇನ್ನೊಂದು ನೆಲೆಯೂರಿತು.

ಫ್ಲೋರೈಡ್‌ನ ಸಾಲನ್ನು ಹತ್ತಿರದಿಂದ ನೋಡಿದರೆ ಪರಿಷ್ಕರಣೆಯ ಸ್ವರೂಪ ತಿಳಿಯುತ್ತದೆ. 1983ರ ಮಾನಕವು ಲೀಟರಿಗೆ 0.6ರಿಂದ 1.2 ಮಿಲಿಗ್ರಾಂ ಎಂಬ ವ್ಯಾಪ್ತಿಯನ್ನು ಹೇಳಿತ್ತು. ಹಲ್ಲು ಹುಳುಕಾಗದಿರಲು ಸ್ವಲ್ಪ ಫ್ಲೋರೈಡ್ ಬೇಕೆಂಬ ನಂಬಿಕೆ ಅದರ ಕೆಳಗಿನ ಅಂಕಿಯ ಹಿಂದಿತ್ತು. 1991ರಲ್ಲಿ ಆ ಕೆಳಮಿತಿ ಮಾಯವಾಗಿ, 1.0 ಅಪೇಕ್ಷಣೀಯ ಮಿತಿಯೆಂದೂ 1.5 ಬೇರೆ ಮೂಲವಿಲ್ಲದಿದ್ದಾಗಿನ ಮಿತಿಯೆಂದೂ ನಿಂತಿತು. 1.5 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಅಂಕಿಯೂ ಹೌದು. ಆದರೆ ಅಂಥ ಮಾರ್ಗಸೂಚಿಗಳು ದಿನಕ್ಕೆ ಸುಮಾರು ಎರಡು ಲೀಟರ್ ನೀರು ಕುಡಿಯುವ ವಯಸ್ಕರನ್ನು ಗಮನದಲ್ಲಿಟ್ಟುಕೊಂಡು ರೂಪುಗೊಳ್ಳುವಂಥವು. ಅಷ್ಟು ಕುಡಿದವರ ದೇಹಕ್ಕೆ ನೀರಿನಿಂದ 3 ಮಿಲಿಗ್ರಾಂ ಫ್ಲೋರೈಡ್ ಸೇರಿದರೆ, ಬೇಸಿಗೆಯ ಬಿಸಿಲಿನಲ್ಲಿ ಹೊಲಗೆಲಸ ಮಾಡಿ ನಾಲ್ಕು ಲೀಟರ್ ಕುಡಿಯುವ ಕೂಲಿಯವರ ದೇಹಕ್ಕೆ ಅದೇ ನೀರಿನಿಂದ 6 ಮಿಲಿಗ್ರಾಂ ಸೇರುತ್ತದೆ. ಹವಾಮಾನ ಮತ್ತು ಕುಡಿಯುವ ನೀರಿನ ಪ್ರಮಾಣವನ್ನು ನೋಡಿಕೊಂಡು ದೇಶಗಳು ತಮ್ಮ ಮಿತಿಯನ್ನು ನಿರ್ಧರಿಸಬೇಕೆಂದು ಆ ಸಂಸ್ಥೆಯೇ ಹೇಳಿರುವುದು ಇದೇ ಕಾರಣಕ್ಕೆ.

2012ರ ಪರಿಷ್ಕರಣೆಯಲ್ಲಿ ‘ಅಪೇಕ್ಷಣೀಯ’ ಎಂಬ ಮಾತು ‘ಸ್ವೀಕಾರಾರ್ಹ’ ಎಂದು ಬದಲಾಯಿತು. ಹಾಗಿದ್ದರೆ ಒಳ್ಳೆಯದು ಎಂಬ ಸದಾಶಯದ ಜಾಗಕ್ಕೆ, ಮೊದಲ ಮಿತಿಯನ್ನು ಮೀರಿದ ನೀರು ಯೋಗ್ಯವಲ್ಲ, ಅದನ್ನು ಕೇವಲ ಸಹಿಸಿಕೊಳ್ಳಲಾಗುತ್ತಿದೆ ಎಂಬ ಒಪ್ಪಿಗೆ ಬಂತು. ಕೆಲವು ಸಾಲುಗಳಲ್ಲಿ ಎರಡನೆಯ ಕಾಲಂ ಪೂರ್ತಿ ಮುಚ್ಚಿತು: ಹಸುಗೂಸುಗಳ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುವ ನೈಟ್ರೇಟ್‌ಗೆ 1991ರಲ್ಲಿ 100 ಮಿಲಿಗ್ರಾಂವರೆಗೆ ಇದ್ದ ರಿಯಾಯಿತಿ ಹೋಗಿ, 45 ಮಿಲಿಗ್ರಾಂ ಒಂದೇ ಮಿತಿಯಾಗಿ ಉಳಿಯಿತು. ಆರ್ಸೆನಿಕ್‌ಗೆ 0.01ರ ಜೊತೆಗೆ ಬೇರೆ ಮೂಲವಿಲ್ಲದಲ್ಲಿ 0.05 ಎಂಬ ಸಡಿಲಿಕೆ 2012ರಲ್ಲೂ ಇದ್ದು, ಬಳಿಕದ ತಿದ್ದುಪಡಿಯಲ್ಲಿ ತೆಗೆದುಹೋಯಿತು.

ಆದರೂ ಪರಿಷ್ಕರಣೆಯೆಂದರೆ ಸದಾ ಬಿಗಿಗೊಳಿಸುವುದೆಂದು ತಿಳಿಯಬೇಕಾಗಿಲ್ಲ. ಕಬ್ಬಿಣಕ್ಕೆ 2012ರಲ್ಲಿ ನಿಗದಿಯಾದ 0.3 ಮಿಲಿಗ್ರಾಂ ಮಿತಿ ಅನಂತರ 1.0ಕ್ಕೆ ಏರಿತು, ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿ 2004ರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂ ಇದ್ದುದು 2011ರಲ್ಲಿ 30ಕ್ಕೆ ಹೋಯಿತು, ಭಾರತದ ಮಾನಕವೂ ಮುಂದೆ ಅದನ್ನೇ ಸ್ವೀಕರಿಸಿತು.

ಬಾಟಲಿ ನೀರಿಗೆ 2001ರಲ್ಲಿ ಮಾನಕ ಮುದ್ರೆ ಕಡ್ಡಾಯವಾದರೂ, ನಲ್ಲಿ ನೀರಿಗೆ ಐಎಸ್ 10500 ಕಾನೂನಿನ ಕಟ್ಟಳೆಯಾಗದೆ ಮಾರ್ಗದರ್ಶಿಯಾಗಿಯೇ ಮುಂದುವರಿಯಿತು. 2019ರ ಜಲ ಜೀವನ್ ಮಿಷನ್ ಅದನ್ನು ತನ್ನ ಗುಣಮಟ್ಟದ ಅಳತೆಗೋಲಾಗಿ ಇಟ್ಟುಕೊಂಡಿದೆ. ಆರ್ಸೆನಿಕ್ ಮತ್ತು ನೈಟ್ರೇಟ್‌ಗಳ ಸಾಲಿನಲ್ಲಿ ಮುಚ್ಚಿದ ಎರಡನೆಯ ಕಾಲಂ ಫ್ಲೋರೈಡ್‌ನ ಸಾಲಿನಲ್ಲಿ ಇಂದಿಗೂ ತೆರೆದೇ ಇದೆ. ಅದನ್ನು ಮುಚ್ಚುವುದು ಸಮಿತಿಯ ಸಭೆಯಲ್ಲಿ ಮುಗಿಯುವ ಕೆಲಸವಲ್ಲ. ‘ಬೇರೆ ಜಲಮೂಲ ಇಲ್ಲದಿದ್ದಾಗ’ ಎಂಬ ಷರತ್ತು ಸುಳ್ಳಾಗಲು ಆ ಊರುಗಳಿಗೆ ಮೊದಲು ಬೇರೆ ನೀರು ಬರಬೇಕು.