ದೇಶಕಾಲ

‘ದೇಶ’ ಬಂದದ್ದು ಸಂಸ್ಕೃತದ ‘ದಿಶ್’ ಧಾತುವಿನಿಂದ. ತೋರಿಸಬಹುದಾದ ತಾಣ ಎಂಬುದು ಮೂಲಾರ್ಥ. ಇಂದು ನಾಡು, ರಾಷ್ಟ್ರ ಎಂಬ ಅರ್ಥವೇ ಮುಂದಾಗಿದ್ದರೂ, ‘ದೇಶಕಾಲ ನೋಡಿ ಮಾತಾಡು’ ಎನ್ನುವಾಗ ಹಳೆಯ ಅರ್ಥ ಉಳಿದಿದೆ. ಅಲ್ಲಿ ಇದು ದ್ವಂದ್ವ ಸಮಾಸ, ದೇಶವೂ ಕಾಲವೂ.

ಭೌತವಿಜ್ಞಾನ ಈ ಎರಡನ್ನು ಒಂದಾಗಿಸಿತು. ಬೆಳಕಿನ ವೇಗ ಸಮವೇಗದಲ್ಲಿ ಚಲಿಸುವ ಎಲ್ಲರಿಗೂ ಒಂದೇ ಎಂದು 1905ರಲ್ಲಿ ಐನ್‌ಸ್ಟೈನ್ ಹಿಡಿದು ಹೊರಟರು. ಹಾಗಾದರೆ ಒಬ್ಬರಿಗೆ ಏಕಕಾಲದಲ್ಲಿ ನಡೆದ, ದೂರದೂರದ ಎರಡು ಘಟನೆಗಳು ಇನ್ನೊಬ್ಬರಿಗೆ ಹಿಂದುಮುಂದಾಗಬಹುದು! ಐನ್‌ಸ್ಟೈನ್‌ರಿಗೆ ಗಣಿತ ಕಲಿಸಿದ್ದ ಹರ್ಮನ್ ಮಿಂಕೋವ್‌ಸ್ಕಿ 1908ರಲ್ಲಿ, ಕೊಲೋನ್ ನಗರದ ಉಪನ್ಯಾಸದಲ್ಲಿ, ದೇಶ, ಕಾಲ ಎರಡನ್ನೂ ನಾಲ್ಕು ಆಯಾಮಗಳ ಒಂದೇ ನೇಯ್ಗೆಯಾಗಿ ಕಂಡರು. ಉದ್ದವೂ ಅವಧಿಯೂ ನೋಡುಗರ ವೇಗಕ್ಕೆ ತಕ್ಕಂತೆ ಬದಲಾಗುತ್ತವೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ‘ದೇಶಕಾಲ ಅಂತರ’ ಮಾತ್ರ ಎಲ್ಲರಿಗೂ ಒಂದೇ.

ಇದಕ್ಕೆ ನನಗೆ ಬಲು ಇಷ್ಟವಾದ ಸಾಕ್ಷಿ ಮ್ಯೂಆನ್ ಎಂಬ ಸೂಕ್ಷ್ಮ ಕಣ. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಬೆಳಕೂ ಸುಮಾರು 660 ಮೀಟರ್ ಮಾತ್ರ ಸಾಗುತ್ತದೆ. ಆದರೂ ಸುಮಾರು ಹತ್ತು-ಹದಿನೈದು ಕಿಲೋಮೀಟರ್ ಮೇಲೆ ಹುಟ್ಟಿದ ಮ್ಯೂಆನ್‌ಗಳು ನೆಲ ಮುಟ್ಟುತ್ತವೆ. ನಮ್ಮ ಲೆಕ್ಕದಲ್ಲಿ ಅವುಗಳ ಕಾಲ ನಿಧಾನ. ಅವುಗಳ ಲೆಕ್ಕದಲ್ಲಿ ದಾರಿಯೇ ಗಿಡ್ಡ.

ಈ ನಾಲ್ಕು ಆಯಾಮಗಳ ನೇಯ್ಗೆಯನ್ನು ‘ಕಾಲಾವಕಾಶ’ ಎಂದರೆ ಓದುಗರಿಗೆ ಗಡುವು, ಬಿಡುವು ನೆನಪಾಗುತ್ತವೆ. ‘ದೇಶಕಾಲ’ವೇ ಸರಿಯಾದ ಪದ, ದಯವಿಟ್ಟು ಬಿಡಿಸದೆ, ಕೂಡಿಸಿಯೇ ಬರೆಯಿರಿ.