ತಿರುಳೂ ರೂಪವೂ: ಕನ್ನಡ ಜಾಲತಾಣಗಳ ಪೂರ್ವಚರಿತ್ರೆ

ಗುಂತಕಲ್ಲಿನಿಂದ ವಾಡಿಗೆ ಹೋಗುವ ರೈಲುಮಾರ್ಗದಲ್ಲಿ, ರಾಯಚೂರು ಯಾದಗಿರಿಗಳ ನಡುವೆ, ಸೈದಾಪುರವೆಂಬ ನಿಲ್ದಾಣವುಂಟು. ಬೃಹತ್ ಜಾಲತಾಣಗಳಲ್ಲಿ ವಿಷಯವನ್ನು ವಿನ್ಯಾಸದಿಂದ ಬೇರ್ಪಡಿಸುವ ಕಾರ್ಯವು ಕನ್ನಡದ ಮಟ್ಟಿಗೆ ಅಕ್ಷರದಿಂದಲೇ ಮೊದಲಾಗಬೇಕಾಯಿತೆಂಬುದನ್ನು ತೋರಿಸುವುದಕ್ಕೆ ಈ ಊರಿನ ಹೆಸರೊಂದೇ ಸಾಕು.

ಬರಹದಲ್ಲಿ ಶೀರ್ಷಿಕೆ ಯಾವುದು, ಕಂಡಿಕೆ ಯಾವುದು ಎಂಬುದನ್ನಷ್ಟೇ ಗುರುತಿಸಿ, ಅವು ಕಣ್ಣಿಗೆ ಹೇಗೆ ತೋರಬೇಕೆಂಬುದನ್ನು ಬೇರೆಡೆಯಲ್ಲಿ ನಿರ್ಣಯಿಸುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು 1969ರಲ್ಲಿ ರೂಪಿಸಿದರು. 1986ರಲ್ಲಿ ಅದರ ಸಂತಾನವಾದ ಎಸ್‌ಜಿಎಂಎಲ್ ಅಂತಾರಾಷ್ಟ್ರೀಯ ಮಾನಕವಾಯಿತು. ಜಾಲಪುಟಗಳ ಅಲಂಕಾರವನ್ನು ಪ್ರತ್ಯೇಕವಾಗಿರಿಸುವ ಸಿಎಸ್‌ಎಸ್ 1996ರ ಡಿಸೆಂಬರಿನಲ್ಲಿ ಅಂಗೀಕೃತವಾಯಿತು.

ಆದರೆ ಆ ಕಾಲದ ಕನ್ನಡಕ್ಕೆ ಈ ಸೌಕರ್ಯ ಒದಗಲಿಲ್ಲ. ನುಡಿ ಮೊದಲಾದ ಅಂದಿನ ಫಾಂಟುಗಳಲ್ಲಿ ಗಣಕವು ಸಂಗ್ರಹಿಸಿಡುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು. ‘ಸೈ’ ಎಂಬುದೊಂದನ್ನು ಬರೆಯಲು ತಲೆಕಟ್ಟಿಲ್ಲದ ಸಕಾರದ ಒಡಲು, ಅದರ ಮೇಲಣ ಎತ್ವ, ಅದರಾಚೆಗಿನ ಐತ್ವದ ಗೆರೆ ಎಂದು ಮೂರು ತುಂಡುಗಳು ಬೇಕಾಗುತ್ತಿದ್ದುವು; ಓದುವವನ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಸೈದಾಪುರವು ಯಾವ ಭಾಷೆಗೂ ಸೇರದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ರೂಪ ಅಳಿದೊಡನೆ ತಿರುಳೂ ಅಳಿಯುತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಧ್ವನಿಯನ್ನೇ ಆಧಾರವಾಗಿಟ್ಟ ಇಸ್ಕಿ ಸಂಕೇತವೂ, 1991ರ ಯೂನಿಕೋಡೂ ಈ ಬಂಧನವನ್ನು ಬಿಡಿಸಿದುವು. ಯೂನಿಕೋಡಿನಲ್ಲಿ ಸೈದಾಪುರವು ಏಳು ಸಂಕೇತಗಳು ಮಾತ್ರ. ಅವುಗಳ ಆಕಾರದ ಹೊಣೆ ಫಾಂಟಿನದು. ನನ್ನ ಅಭಿಪ್ರಾಯದಲ್ಲಿ ಕನ್ನಡ ಜಾಲತಾಣಗಳ ನಿಜವಾದ ಆದಿಪರ್ವವಿದು.

ತಿರುಳು ಆಶ್ರಯವನ್ನು ಬದಲಿಸಿಯೂ ಬಾಳಬಲ್ಲುದೆಂಬುದು ಸೈದಾಪುರದ ಈ ಸೀಮೆಗೆ ಹೊಸತಲ್ಲ. ಸುರಪುರ ಪ್ರಾಂತದ ಮುದನೂರಿನ ದೇವರ ದಾಸಿಮಯ್ಯನ ವಚನಗಳು ತಾಳೆಗರಿಯಲ್ಲಿ ಸಾಲು ಮುರಿಯದೆ ಒತ್ತಾಗಿ ಬರೆಯಲ್ಪಟ್ಟು, ಫ. ಗು. ಹಳಕಟ್ಟಿಯವರಂಥವರ ಶ್ರಮದಿಂದ ಮುದ್ರಣಕ್ಕೇರಿ, ಇಂದು ‘ವಚನ ಸಂಚಯ’ ಜಾಲತಾಣದಲ್ಲಿ ಪದಪದವನ್ನೂ ಹುಡುಕಿ ತೆಗೆಯುವಂತೆ ದೊರೆಯುತ್ತಿವೆ.

2010ರಲ್ಲಿ ರಾಜ್ಯದ ಮೂವತ್ತನೆಯ ಜಿಲ್ಲೆಯಾದ ಯಾದಗಿರಿಯ ಅಧಿಕೃತ ತಾಣವೂ, ಎನ್.ಐ.ಸಿ. ಸಂಸ್ಥೆಯು ಸರ್ಕಾರಿ ತಾಣಗಳಿಗಾಗಿ ನಿರ್ಮಿಸಿದ ಸಮಾನ ಚೌಕಟ್ಟಿನಲ್ಲಿಯೇ ನಡೆಯುತ್ತಿದೆ. ಚೌಕಟ್ಟು ಹಲವು ಜಿಲ್ಲೆಗಳಿಗೆ ಒಂದೇ, ಅದರೊಳಗಣ ಬರಹ ಆಯಾ ಜಿಲ್ಲೆಯದು. ಹೀಗಿರಲು, ಪ್ರಕಟಣೆಯನ್ನು ಅಚ್ಚುಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುವ ಕಚೇರಿಗಳ ರೂಢಿಯು ಬಿಡಿಸಿದ ಗಂಟನ್ನು ಮತ್ತೆ ಕಟ್ಟಿದಂತೆಯೇ ಸರಿ: ಅಂಥ ಹಾಳೆಯೊಳಗಿನ ಊರಿನ ಹೆಸರು ಹುಡುಕಿದವರಿಗೆ ಸಿಕ್ಕದು, ದೃಷ್ಟಿಹೀನರಿಗೆ ಯಂತ್ರವು ಓದಿ ಹೇಳಲಾರದು. ಮೊಹರಿನ ಪ್ರತಿಯ ಜೊತೆಗೆ ಯೂನಿಕೋಡಿನ ಪಠ್ಯವನ್ನೂ ಏರಿಸಬೇಕೆಂದು, ಹಳೆಯ ಫಾಂಟುಗಳ ಕಡತಗಳನ್ನು ಅಳಿಸುವ ಮೊದಲು ಪರಿವರ್ತಿಸಿಡಬೇಕೆಂದು, ಈ ಕಾರ್ಯದಲ್ಲಿರುವವರನ್ನು ಬೇಡಿಕೊಳ್ಳುತ್ತೇನೆ.